ವಾಸಿಯಾದ ಸೊಂಟ

ಕಾಯಿಲೆ ಬಂದಿದೆ ಎಂದು ಊರಿಗೆಲ್ಲ ಸಾರಿಕೊಂಡು ಬರುವವರು ಬೇಕಾದಷ್ಟು ಜನ ಸಿಗುತ್ತಾರೆ. ವಾಸಿಯಾದದ್ದನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡವರು ಸಿಗುವುದು ಅಪರೂಪ. ಲಾಂಡ್ರಿ ಮನೆಯ ಚಿಕ್ಕ ಸೊಸೆ ಅಂಥವಳು. ಅವಳೇನೂ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವಳಾಗಿದ್ದರೆ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿಕೊಂಡು ಹಾಯಾಗಿರುತ್ತಿದ್ದಳು. ಇವಳಿಗೆ ಗಂಟಲಲ್ಲಿ ತುತ್ತು ಇಳಿಯದ ಹಾಗಾಯಿತು.

ಕೆಳಗೆ ಲಾಂಡ್ರಿ, ಮೇಲೆ ಮನೆ. ಅಣ್ಣತಮ್ಮ ಇಬ್ಬರೂ ವ್ಯಾನು ಹತ್ತಿ ಹೋಟೆಲು, ಆಸ್ಪತ್ರೆಗಳಿಂದ ಕೊಳೆ ಬಟ್ಟೆಯ ಗಂಟು ತರುವುದು, ಒಗೆದು ಮಡಚಿದ್ದನ್ನು ಮುಟ್ಟಿಸುವುದು. ಒಳಗಿನ ಕೆಲಸವೆಲ್ಲ ಅವರ ಹೆಂಡಂದಿರದು. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎಂದು ಲೋಕ ಹೇಳುತ್ತದೆ. ಲೋಕಕ್ಕೇನು, ಬಾಯಿಚಪಲ. ಈ ಇಬ್ಬರು ಒಂದೇ ತಾಯಿಯ ಮಕ್ಕಳ ಹಾಗೆ ಬಾಳಿದವರು. ದೊಡ್ಡವಳದು ಅಗಲವಾದ ಹೆಗಲು, ಅದಕ್ಕಿಂತ ಅಗಲವಾದ ಬಾಯಿ. ಚಿಕ್ಕವಳಿಗೆ ನಲವತ್ತು ದಾಟಿ ಕಿವಿಯ ಪಕ್ಕ ಕೂದಲು ನೆರೆತಿದ್ದರೂ ದೊಡ್ಡವಳ ಬಾಯಲ್ಲಿ ಅವಳಿನ್ನೂ "ಕೂಸೇ".

ಲಾಂಡ್ರಿ ಕೆಲಸವೆಂದರೆ ನೀರಿನ ಕೆಲಸ, ಮಷೀನು ಇದೆಯಲ್ಲ, ಇವರಿಗೇನು ಕಷ್ಟ ಎಂದುಕೊಳ್ಳುವವರು ಒಂದು ದಿನ ಬಂದು ನೋಡಬೇಕು. ಒಣಗಿದ ಹಾಸುಬಟ್ಟೆ ಹಗುರ. ಅದೇ ಬಟ್ಟೆ ಒದ್ದೆಯಾಗಿ ಮಷೀನಿನ ಹೊಟ್ಟೆಯೊಳಗೆ ಬಿದ್ದಿರುವಾಗ ಹೆಣಭಾರ. ಅದೂ ಒಂದೊಂದಾಗಿ ಬಿದ್ದಿರುವುದಿಲ್ಲ. ಒಂದಕ್ಕೊಂದು ಹೆಣೆದುಕೊಂಡು ಹಗ್ಗವಾಗಿರುತ್ತದೆ. ಸೊಂಟ ಬಗ್ಗಿಸಿ, ತಲೆ ಒಳಗೆ ಹಾಕಿ, ಕಾಲು ಒತ್ತಿಹಿಡಿದು ಎಳೆಯಬೇಕು. ಹಾಗೆ ಎಳೆದೂ ಎಳೆದೂ ಚಿಕ್ಕವಳ ಸೊಂಟ ಕೈಕೊಟ್ಟಿತು. ಮೊದಲು ಸೂಜಿ ಚುಚ್ಚಿದಂತೆ, ಆಮೇಲೆ ಒಂದು ಕಾಲಿನ ಹಿಮ್ಮಡಿಯ ತನಕ ಬೆಂಕಿ. ಕೂತರೆ ಏಳಲಾರಳು, ಮಲಗಿದರೆ ಮಗ್ಗುಲು ಬದಲಿಸಲಾರಳು. ಮಾತ್ರೆ ಆಯಿತು, ಸೂಜಿ ಆಯಿತು, ಸೊಂಟಕ್ಕೆ ಬೆಲ್ಟು ಆಯಿತು. ದಿನಾ ಸಂಜೆ ದೊಡ್ಡವಳು ಅವಳನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕುವಾಗ ನೋವಿಗೆ ಬೈಯುತ್ತಿದ್ದಳು, ನೋವು ಎಂಬುದು ಬೀದಿ ಕೊನೆಯ ಯಾವನೋ ಪುಂಡ ಎಂಬಂತೆ.

ಕೊನೆಗೆ ಡಾಕ್ಟರಮ್ಮ ಕೇಳಿದರು: "ನಿಮಗೆ ಈಜು ಬರುತ್ತಾ?"

"ಬಟ್ಟೆಯನ್ನ ನೀರಲ್ಲಿ ಅದ್ದೋದು ಬರುತ್ತೆ."

"ಹಾಗಾದ್ರೆ ನೀವೂ ಅದ್ದಿಕೊಳ್ಳಿ. ವಾರದಲ್ಲಿ ಎಷ್ಟು ದಿನ ಆಗುತ್ತೋ ಅಷ್ಟು ದಿನ. ನೀರು ನಿಮ್ಮ ಭಾರ ಹೊರುತ್ತೆ, ಸೊಂಟದ ಸುತ್ತ ಇರೋ ಮಾಂಸಖಂಡ ನಿಧಾನಕ್ಕೆ ಗಟ್ಟಿಯಾಗುತ್ತೆ."

ಮನೆಗೆ ಬಂದು ಹೇಳಿದರೆ ಅಣ್ಣತಮ್ಮ ಮುಖ ಮುಖ ನೋಡಿಕೊಂಡರು. ಹಿಂದಿನ ಬೀದಿಯ ಈಜುಕೊಳದಲ್ಲಿ ಹೆಂಗಸರ ಹೊತ್ತು ಮಧ್ಯಾಹ್ನ. ಮಧ್ಯಾಹ್ನವೆಂದರೆ ಲಾಂಡ್ರಿಯಲ್ಲಿ ಉಸಿರಾಡಲೂ ಪುರಸೊತ್ತಿಲ್ಲದ ಹೊತ್ತು. ಆಗ ಸೊಂಟಕ್ಕೆ ಕೈಯಿಟ್ಟು ನಿಂತದ್ದು ದೊಡ್ಡವಳೇ.

"ಏನು ಗುಸುಗುಸು? ಅವಳು ಹೋಗ್ತಾಳೆ. ಅವಳ ಪಾಲಿನ ಒದ್ದೆ ನಾನು ಎತ್ತುತ್ತೀನಿ. ನಿಮ್ಮ ತಲೆ ಮೇಲೇನಾದ್ರೂ ಹೊರಿಸಿದೆನಾ?"

ಹಾಗೆ ಚಿಕ್ಕವಳು ನೀರಿಗಿಳಿದಳು. ಮೊದಲ ದಿನಗಳಲ್ಲಿ ಈಜೂ ಇಲ್ಲ ಗೀಜೂ ಇಲ್ಲ. ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದುಕೊಂಡು ಆಚೆಯಿಂದ ಈಚೆ ನಡೆಯುವುದು, ಅಷ್ಟೆ. ಈಜು ಕಲಿಸುವ ಹೆಂಗಸನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಕೊರಳಲ್ಲಿ ಸೀಟಿ, ಮಾತು ಕಡಿಮೆ. ಒಂದು ದಿನ ಅವರು ಚಿಕ್ಕವಳ ಬೆನ್ನಿನ ಕೆಳಗೆ ಅಂಗೈ ಕೊಟ್ಟು ಅಂಗಾತ ಮಲಗಿಸಿದರು. ಚಿಕ್ಕವಳು ಅತ್ತುಬಿಟ್ಟಳು. ಎಷ್ಟೋ ತಿಂಗಳ ನಂತರ ಮೊದಲ ಸಲ ಅವಳಿಗೆ ಸೊಂಟ ಎಂಬುದೊಂದು ಇದೆ ಎಂಬುದೇ ಮರೆತುಹೋಗಿತ್ತು. ಏಣಿ ಹತ್ತಿ ಹೊರಗೆ ಬಂದರೆ ನೋವು ಮತ್ತೆ ಹಿಂದೆಯೇ ಬರುತ್ತಿತ್ತು, ನಿಜ. ಆದರೆ ದಿನ ಕಳೆದಂತೆ ಸ್ವಲ್ಪ ತಡವಾಗಿ ಬರತೊಡಗಿತು. ಅಂಗಾತ ತೇಲುವುದು ಕಲಿತಳು, ಕೈ ಬೀಸುವುದು ಕಲಿತಳು, ಆಮೇಲೆ ಹಿಂದುಹಿಂದಕ್ಕೆ ಈಜಿಕೊಂಡು ಈ ದಡದಿಂದ ಆ ದಡ ಮುಟ್ಟತೊಡಗಿದಳು. ಜೊತೆಯ ಹೆಂಗಸರು ಮೀನಮ್ಮ ಎಂದು ಹೆಸರಿಟ್ಟರು.

ಒಂದು ಬೆಳಿಗ್ಗೆ ಗಂಡನ ಕಾಲುಚೀಲ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡಳು. ಎತ್ತಿಕೊಂಡ ಮೇಲೆ ಹೊಳೆಯಿತು. ಇನ್ನೊಮ್ಮೆ ಬೇಕೆಂದೇ ಬೀಳಿಸಿ ಬಗ್ಗಿದಳು. ನೋವಿಲ್ಲ! ಕಾಲಿನಲ್ಲಿಲ್ಲ, ಸೊಂಟದಲ್ಲಿಲ್ಲ, ಎಲ್ಲೂ ಇಲ್ಲ. ಅಕ್ಕನಿಗೆ ಹೇಳಬೇಕೆಂದು ಮೆಟ್ಟಿಲು ಧಡಧಡ ಇಳಿದು ಓಡಿದಳು.

ದೊಡ್ಡವಳು ಮಷೀನಿನೊಳಗೆ ತಲೆ ಹಾಕಿ ಒದ್ದೆ ಹಗ್ಗ ಎಳೆಯುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ಅಲ್ಲಿಂದಲೇ ಕೂಗಿದಳು: "ಹೇಗಿದೆಯೇ ಸೊಂಟ?"

"ಹಾಗೇ ಇದೆ ಅಕ್ಕ."

ಬಾಯಿಂದ ಅದು ಹೇಗೆ ಬಂತೋ! ಅವಳಿಗೇ ಗಾಬರಿಯಾಯಿತು. ಹೇಳಬೇಕೆಂದು ಬಂದದ್ದೇನು, ಹೇಳಿದ್ದೇನು? ಆದರೆ ನಾಲಗೆಗೆ ಮನಸ್ಸಿಗಿಂತ ಮೊದಲೇ ಲೆಕ್ಕ ಗೊತ್ತಿತ್ತು. ಈ ಮನೆಯಲ್ಲಿ ಜ್ವರ ಬಿಟ್ಟ ದಿನವೇ ಔಷಧಿ ಬಾಟಲಿ ಕಸದ ಬುಟ್ಟಿಗೆ ಹೋಗುತ್ತದೆ. ಸೊಂಟ ವಾಸಿಯಾಯಿತು ಎಂದರೆ ಈಜುವುದು ಯಾಕೆ? ಆ ಮಧ್ಯಾಹ್ನದ ಒಂದು ಗಂಟೆ ಹೋಗುತ್ತದೆ. ಇಡೀ ದಿನದಲ್ಲಿ ಯಾರೂ ಕರೆಯದ, ಯಾರದೂ ಕೊಳೆ ಮುಟ್ಟದ, ಕಿವಿಯಲ್ಲಿ ನೀರಿನ ಗುಂಯ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲದ ಆ ಗಂಟೆ. ಮದುವೆಯಾದ ಮೇಲೆ ಅವಳದೇ ಎಂಬ ಒಂದು ಗಂಟೆ ಅವಳಿಗೆ ಸಿಕ್ಕಿದ್ದು ಅದೊಂದೇ.

ಈಜುಕೊಳದಲ್ಲಿ ಮಾತ್ರ, ಜೊತೆಯ ಹೆಂಗಸರ ಎದುರೇ, ಟೀಚರಮ್ಮನಿಗೆ ನಿಜ ಹೇಳಿದಳು. ಅವರು ಖುಷಿಪಟ್ಟು, "ಹೋಯ್ತು ಅಂತ ಬಿಟ್ಟುಬಿಡಬೇಡಿ, ಬಿಟ್ಟರೆ ತಿರುಗಿ ಬರುತ್ತೆ. ಇದು ಹಲ್ಲುಜ್ಜೋ ಹಾಗೆ, ದಿನಾ ಬೇಕು" ಎಂದರು. ನೋಡಿ, ಎಂಥ ಒಳ್ಳೆಯ ಮಾತು! ಇದನ್ನೇ ಮನೆಯಲ್ಲಿ ಹೇಳಬಹುದಿತ್ತಲ್ಲವೇ? ಹೇಳಬಹುದಿತ್ತು. ಆದರೆ ಒಮ್ಮೆ "ಹಾಗೇ ಇದೆ" ಎಂದಾಗಿತ್ತು. ಮಾರನೆಯ ದಿನವೂ ಅದನ್ನೇ ಅನ್ನುವುದು ಸುಲಭವಾಯಿತು, ಅದರ ಮಾರನೆಯ ದಿನ ಇನ್ನೂ ಸುಲಭ.

ನಟನೆ ಎಂದರೆ ಸುಮ್ಮನೆಯೇ? ಏಳುವಾಗ ನರಳಬೇಕು, ಮೆಟ್ಟಿಲಿಗೆ ನಿಲ್ಲಬೇಕು, ನಗು ಬಂದರೂ ಸೊಂಟ ಹಿಡಿದುಕೊಂಡೇ ನಗಬೇಕು. ಒಂದು ದಿನ ಎಡಗಡೆ ಹಿಡಿದುಕೊಂಡು ಕುಂಟುತ್ತಿದ್ದಾಗ ದೊಡ್ಡವಳು ಹುಬ್ಬೇರಿಸಿದಳು.

"ನಿನ್ನೆ ಬಲಗಡೆ ಅಂದಿದ್ದೆ?"

"ಅದು ಓಡಾಡುತ್ತೆ ಅಕ್ಕ."

"ಓಡಾಡುತ್ತಾ? ಹಾಳು ನೋವು, ನಿನಗೆ ಕಾಲಿಲ್ಲ, ಅದಕ್ಕೆ ಕಾಲು!" ಎಂದು ದೊಡ್ಡವಳು ಅಂದು ಸಂಜೆ ಎರಡೂ ಕಡೆ ಎಣ್ಣೆ ತಿಕ್ಕಿದಳು. ಚಿಕ್ಕವಳು ದಿಂಬಿಗೆ ಮುಖವಿಟ್ಟು ನಾಚಿಕೆಯಿಂದ ಸತ್ತಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಈ ಬೆಕ್ಕಿಗೆ ಹಾಲೂ ರುಚಿಸುತ್ತಿರಲಿಲ್ಲ, ಬಿಡಲೂ ಆಗುತ್ತಿರಲಿಲ್ಲ.

ಎಲ್ಲಕ್ಕಿಂತ ಕಷ್ಟ ಮಡಚುವ ಕೆಲಸ. ಹಾಸುಬಟ್ಟೆ ಮಡಚಲು ಇಬ್ಬರು ಬೇಕು. ಆಚೆ ತುದಿಯ ಎರಡು ಮೂಲೆ ಒಬ್ಬಳ ಕೈಯಲ್ಲಿ, ಈಚೆಯದು ಇನ್ನೊಬ್ಬಳ ಕೈಯಲ್ಲಿ. ಮೊದಲು ಇಬ್ಬರೂ ಏಕಕಾಲಕ್ಕೆ ಹಿಂದಕ್ಕೆ ವಾಲಿ ಒಂದು ಜಗ್ಗು ಜಗ್ಗಬೇಕು, ಬಟ್ಟೆ ಪಟ್ ಎನ್ನಬೇಕು, ಸುಕ್ಕು ಬಿಡಬೇಕು. ಆಮೇಲೆ ಎದುರುಬದುರು ನಡೆದು ಬಂದು ಮೂಲೆ ಕೊಡುವುದು. ಇಷ್ಟು ವರ್ಷ ಹಾಗೆ ಜಗ್ಗಿದವರಿಗೆ ಆ ತುದಿಯಲ್ಲಿರುವವಳು ಸಿಟ್ಟಾಗಿದ್ದಾಳೋ, ಸುಸ್ತಾಗಿದ್ದಾಳೋ ಎಂಬುದು ಬಟ್ಟೆಯಲ್ಲೇ ತಿಳಿಯುತ್ತದೆ. ಸೊಂಟ ಹೋದಾಗಿನಿಂದ ಚಿಕ್ಕವಳ ಜಗ್ಗು ಸತ್ತುಹೋಗಿತ್ತು. ದೊಡ್ಡವಳೂ ಅದಕ್ಕೆ ತಕ್ಕ ಹಾಗೆ ಮೆಲ್ಲಗೆ, ಕೂಸಿನ ಕೈ ಹಿಡಿದ ಹಾಗೆ ಜಗ್ಗುತ್ತಿದ್ದಳು. ಈಗ ಬಲ ಬಂದ ಮೇಲೂ ಚಿಕ್ಕವಳು ಕೈಯನ್ನು ಹಿಡಿಹಿಡಿದು ಸುಳ್ಳು ಜಗ್ಗು ಜಗ್ಗಬೇಕಾಯಿತು.

ಇದೆಲ್ಲ ಹೀಗೇ ನಡೆದಿದ್ದರೆ ಯಾರಿಗೂ ನಷ್ಟವಿರಲಿಲ್ಲ ಎನ್ನಬಹುದಿತ್ತೋ ಏನೋ. ಆದರೆ ಒಂದು ದಿನ ದೊಡ್ಡ ಹೋಟೆಲಿನವರು ಕಿಟಕಿ ಪರದೆಗಳನ್ನು ಒಗೆಯಲು ಕಳಿಸಿದರು. ಕಂಬಳಿಯಷ್ಟು ದಪ್ಪನೆಯ ಪರದೆ. ಅಣ್ಣತಮ್ಮ ವ್ಯಾನಿನಲ್ಲಿ ಹೊರಗೆ ಹೋಗಿದ್ದರು. ಮಷೀನು ನಿಂತಿತು. ದೊಡ್ಡವಳು ಬಾಗಿಲು ತೆಗೆದು ಎಳೆದಳು, ಬರಲಿಲ್ಲ. ಕಾಲು ಒತ್ತಿ ಎಳೆದಳು. ಅರ್ಧ ಬಂದು ನಿಂತಿತು. ಚಿಕ್ಕವಳು ಪಕ್ಕದಲ್ಲೇ ಸ್ಟೂಲಿನ ಮೇಲೆ ಸೊಂಟ ಹಿಡಿದುಕೊಂಡು ಕೂತಿದ್ದಳು. ಏಳಬೇಕು, ಒಂದು ಕೈ ಕೊಡಬೇಕು ಎನ್ನಿಸಿತು. ಎದ್ದರೆ ಬಣ್ಣ ಬಯಲಾಗುತ್ತದಲ್ಲ! ಏಳಲೋ ಬೇಡವೋ ಎಂದು ಅವಳು ತೂಗುತ್ತಿರುವಾಗ ದೊಡ್ಡವಳು ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು. ಭುಜದಲ್ಲಿ ಲಟಕ್ ಎಂಬ ಸದ್ದು. ಪರದೆಯೂ ಅವಳೂ ಒಟ್ಟಿಗೇ ನೆಲಕ್ಕೆ ಬಂದರು.

"ಅಕ್ಕಾ!"

"ಏಳಬೇಡ, ಏಳಬೇಡ! ನೀನು ಅಲ್ಲೇ ಕೂತ್ಕೋ, ಸೊಂಟ ಹಿಡ್ಕೊಂಡೀತು. ನನಗೇನೂ ಆಗಿಲ್ಲ" ಎಂದಳು ದೊಡ್ಡವಳು. ಮುಖ ಬಿಳಿಚಿಕೊಂಡಿತ್ತು. ಚಿಕ್ಕವಳು ಅರ್ಧ ಎದ್ದವಳು ಮತ್ತೆ ಕೂತಳು.

ಹೌದು, ಕೂತಳು. ನನಗೂ ಅವಳ ಮೇಲೆ ಕೋಪ ಬರುತ್ತದೆ.

ಅಂದಿನಿಂದ ದೊಡ್ಡವಳ ಬಲಗೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಆದರೂ ಕೆಲಸ ಬಿಡಲಿಲ್ಲ. ಎಡಗೈಯಲ್ಲಿ ಎಳೆದಳು, ಹಲ್ಲಿನಲ್ಲಿ ಕಚ್ಚಿ ಮಡಚಿದಳು, "ಇಬ್ಬರೂ ಸೇರಿದ್ರೆ ಒಂದು ಪೂರ್ತಿ ಹೆಂಗಸು ಆಗ್ತೀವಿ ನೋಡು, ನಿನ್ನ ಕೈ, ನನ್ನ ಸೊಂಟ" ಎಂದು ನಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಅಕ್ಕ ತನ್ನ ಹೆಗಲು ಮುಟ್ಟಿಕೊಂಡಾಗಲೆಲ್ಲ ಕಳ್ಳಿಯ ಎದೆ ಧಸಕ್ಕೆನ್ನುತ್ತಿತ್ತು. ಅಕ್ಕ ಬಿದ್ದ ದಿನ ರಾತ್ರಿಯೇ ಹೇಳಬೇಕೆಂದುಕೊಂಡಿದ್ದಳು, ಹೇಳಲಿಲ್ಲ. ಈಗ ಹೇಳಿದರೆ ಬರೀ ಸುಳ್ಳುಗಾತಿಯಲ್ಲ, ಅಕ್ಕನ ಭುಜ ಮುರಿದವಳಾಗುತ್ತೇನೆ ಎಂದು ಹೆದರಿದಳು. ಈಜುಕೊಳಕ್ಕೆ ಹೋಗುವುದನ್ನೂ ಬಿಡಲಿಲ್ಲ. ಬಿಟ್ಟರೆ ಅಕ್ಕ ಕೇಳುತ್ತಾಳಲ್ಲ! ಆದರೆ ನೀರಿಗಿಳಿದರೂ ಮೊದಲಿನ ಸುಖ ಸಿಗಲಿಲ್ಲ. ಕಣ್ಣು ಮುಚ್ಚಿದರೆ ಲಟಕ್ ಎಂಬ ಸದ್ದು.

ಕೊನೆಗೆ ಮೋಸ ಮಾಡಿದ್ದು ಅವಳ ಕೈಯೇ. ಒಂದು ಬೆಳಿಗ್ಗೆ ಇಬ್ಬರೂ ಆಸ್ಪತ್ರೆಯ ಬಿಳಿ ಹಾಸುಬಟ್ಟೆ ಮಡಚುತ್ತಿದ್ದರು. ಚಿಕ್ಕವಳ ಮನಸ್ಸು ಎಲ್ಲೋ ಇತ್ತು. ಎಲ್ಲೋ ಏನು, ಇದೇ ಯೋಚನೆಯಲ್ಲಿ ಮುಳುಗಿತ್ತು. ಹಳೆಯ ಅಭ್ಯಾಸದಂತೆ ಹಿಂದಕ್ಕೆ ವಾಲಿ, ಸೊಂಟದಿಂದ ಬಲ ತೆಗೆದು, ಪಟ್ಟೆಂದು ಜಗ್ಗಿಬಿಟ್ಟಳು. ಆಚೆ ತುದಿಯಲ್ಲಿ ಮೂಲೆ ದೊಡ್ಡವಳ ಕೈಯಿಂದ ಕಿತ್ತುಕೊಂಡು ಹಾರಿತು. "ಅಮ್ಮಾ!" ಎಂದು ದೊಡ್ಡವಳು ಭುಜ ಹಿಡಿದು ಕುಸಿದಳು.

ಮುಗಿಯಿತು, ಸಿಕ್ಕಿಬಿದ್ದೆ ಎಂದುಕೊಂಡಳು ಚಿಕ್ಕವಳು.

ದೊಡ್ಡವಳು ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು. "ಜಗ್ಗಿದೆಯಲ್ಲೇ! ಕೂಸೇ, ಜಗ್ಗಿದೆ! ನಿನ್ನ ಸೊಂಟ ವಾಸಿಯಾಯ್ತು ಕಣೇ! ಎಲ್ಲಿ, ಬಗ್ಗು ನೋಡೋಣ. ಅಯ್ಯೋ, ಬಗ್ಗಿದಳು!" ನೋವು ಮರೆತು ಎದ್ದು ಬಂದು ಎಡಗೈಯಲ್ಲಿ ಅಪ್ಪಿಕೊಂಡಳು. ಆಗತಾನೇ, ಆ ಕ್ಷಣದಲ್ಲೇ ವಾಸಿಯಾಯಿತೆಂದು ನಂಬಿದ್ದಳು, ಪುಣ್ಯಾತ್ಗಿತ್ತಿ! ಗಂಡ ಬಂದರೆ ಗಂಡನಿಗೆ, ಮೈದುನ ಬಂದರೆ ಮೈದುನನಿಗೆ, ಪಕ್ಕದ ಅಂಗಡಿಯವನಿಗೆ, ಫೋನು ಮಾಡಿದ ಹೋಟೆಲಿನವನಿಗೆ ಕೂಡ ಹೇಳಿದಳು. "ಹೇಳಿದ್ನಲ್ಲ, ನೀರು ವಾಸಿ ಮಾಡುತ್ತೆ ಅಂತ!" ಚಿಕ್ಕವಳು, "ಹೌದು, ಇವತ್ತೇ ಹಗುರ ಅನ್ನಿಸ್ತು" ಎಂದಳು. ಬಿಸಿತುಪ್ಪ ಗಂಟಲಲ್ಲಿ ಕೂತಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಕಟ್ಟಿದ ದುಡ್ಡು ಮುಗಿಯುವ ತನಕ ಮಾತ್ರ ಚಿಕ್ಕವಳು ಪೂಲಿಗೆ ಹೋಗಿಬರಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಮೂರ್ನಾಲ್ಕು ದಿನವಾದ ಮೇಲೆ ದೊಡ್ಡವಳು ಅದೇ ಡಾಕ್ಟರಮ್ಮನ ಹತ್ತಿರ ಹೋದಳು. ಅವರು ಭುಜ ತಿರುಗಿಸಿ ನೋಡಿ, ನೀರಿಗಿಳಿಯಿರಿ ಎಂಬ ಅದೇ ಮಾತು ಹೇಳಿ ಕಳಿಸಿದರು. ದೊಡ್ಡವಳು ಬಂದವಳೇ, "ನನ್ನನ್ನೂ ನಿನ್ನ ಪೂಲಿಗೆ ಕರ್ಕೊಂಡು ಹೋಗೇ. ನಿನ್ನ ಸೊಂಟ ಬಿಡಿಸಿದ ನೀರಲ್ವಾ, ನನ್ನ ಭುಜ ಬಿಡಿಸಲ್ವಾ?" ಎಂದಳು.

ಎಂಥ ಫಜೀತಿ ನೋಡಿ. ಅಕ್ಕನ ನೋವಿಗೆ ಮದ್ದು ಇರುವ ಜಾಗವೇ ತನ್ನ ಸುಳ್ಳು ಗೊತ್ತಿರುವ ಜಾಗ. ಅಲ್ಲಿ ಯಾವಳೋ ಒಬ್ಬಳು "ಏನು ಮೀನಮ್ಮ, ಸೊಂಟ ವಾಸಿಯಾಗಿ ಎಷ್ಟು ಕಾಲ ಆಯ್ತು, ಇನ್ನೂ ಬರ್ತಿದ್ದೀಯಲ್ಲ" ಎಂದರೆ ಸಾಕು. ಚಿಕ್ಕವಳು, ಕೊಳದ ನೀರು ಬದಲಿಸುತ್ತಿದ್ದಾರೆ ಎಂದಳು. ಆಮೇಲೆ ಟೀಚರಮ್ಮನಿಗೆ ಹುಷಾರಿಲ್ಲ ಎಂದಳು. ಆಮೇಲೆ ಹೊಸಬರನ್ನು ಈಗ ಸೇರಿಸಿಕೊಳ್ಳುತ್ತಿಲ್ಲ ಎಂದಳು. ದೊಡ್ಡವಳು ಪ್ರತಿಯೊಂದಕ್ಕೂ "ಹೋಗಲಿ ಬಿಡು, ಆಮೇಲೆ ನೋಡೋಣ" ಎಂದು ಮಷೀನಿನ ಕಡೆ ತಿರುಗಿದಳು.

ಒಂದು ಬೆಳಿಗ್ಗೆ ದೊಡ್ಡವಳು ಬಾಚಣಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ತಲೆ ಬಾಚ್ಕೊಡ್ತೀಯೇನೇ? ಕೈ ಏಳ್ತಾನೇ ಇಲ್ಲ." ಆ ಗಟ್ಟಿ ಬಾಯಿ ಅಂದು ಅಷ್ಟು ಮೆಲ್ಲಗಾಗಿತ್ತು. ಚಿಕ್ಕವಳು ಹಿಂದೆ ಕೂತು ಸಿಕ್ಕು ಬಿಡಿಸಿದಳು. ಕುತ್ತಿಗೆಯ ಪಕ್ಕ ಬಲಭುಜ ಒಂದಿಷ್ಟು ಕೆಳಗೆ ಇಳಿದಿತ್ತು. "ನೀನೊಬ್ಬಳು ಹುಷಾರಾದೆಯಲ್ಲ, ಅಷ್ಟು ಸಾಕು ನನಗೆ" ಎಂದಳು ದೊಡ್ಡವಳು, ಹಿಂದೆ ತಿರುಗದೆ.

ಚಿಕ್ಕವಳ ಕೈ ನಿಂತಿತು. "ಇವತ್ತು ಹೋಗೋಣ ಅಕ್ಕ. ಪೂಲಿಗೆ" ಎಂದಳು.

ಆದರೆ ಬುದ್ಧಿ ಬಿಡಬೇಕಲ್ಲ! ಮಧ್ಯಾಹ್ನ ಅಕ್ಕ ಬಟ್ಟೆ ಬದಲಿಸುತ್ತಿರುವಾಗ ಇವಳು ಮುಂದಾಗಿ ಓಡಿ ಟೀಚರಮ್ಮನ ಕೈ ಹಿಡಿದಳು. "ನನ್ನ ಸೊಂಟದ ವಿಷಯ ಅಕ್ಕನ ಮುಂದೆ ಎತ್ತಬೇಡಿ, ಬೇರೆಯವರಿಗೂ ಸ್ವಲ್ಪ ಹೇಳಿ."

ಟೀಚರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಾನು ಈಜು ಕಲಿಸೋಳು ಕಣಮ್ಮ, ಸುಳ್ಳು ಹೇಳಿಕೊಡೋಳಲ್ಲ. ನಾನಾಗಿ ಎತ್ತಲ್ಲ, ಅಷ್ಟೆ. ಬೇರೆಯವರ ಬಾಯಿ ಮುಚ್ಚಿಸೋಕೆ ನನ್ನಿಂದಾಗಲ್ಲ."

ದೊಡ್ಡವಳು ಈಜುಡುಗೆ ಹಾಕಿಕೊಂಡು, ಮೇಲೆ ಟವೆಲ್ ಸುತ್ತಿಕೊಂಡು, ಅದರ ಮೇಲೆ ಇನ್ನೊಂದು ಟವೆಲ್ ಹೊದ್ದುಕೊಂಡು ಬಂದಳು. "ನಾನು ಇಳಿದ್ರೆ ನೀರೆಲ್ಲ ಬೀದಿಗೆ ಬರುತ್ತೆ, ಈಗಲೇ ಹೇಳಿದ್ದೀನಿ" ಎಂದು ಎಲ್ಲರನ್ನೂ ನಗಿಸಿದಳು. ಹೆಂಗಸರು ಜಾಗ ಬಿಟ್ಟರು. ಆ ನಗುವಿನಲ್ಲಿ ಯಾರೂ ಮೀನಮ್ಮನ ಸೊಂಟದ ಸುದ್ದಿ ಎತ್ತಲಿಲ್ಲ. ತಪ್ಪಿಸಿಕೊಂಡೆ ಎಂದು ಚಿಕ್ಕವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೇ ತನ್ನ ಮೇಲೆ ಹೇಸಿಗೆಯಾಯಿತು.

ಟೀಚರಮ್ಮ ದೊಡ್ಡವಳನ್ನು ಎದೆಮಟ್ಟದ ನೀರಿನಲ್ಲಿ ಸ್ವಲ್ಪ ಹೊತ್ತು ನಡೆಸಿದರು. ಆಮೇಲೆ ಅಂಗಾತ ಮಲಗಿಸಿ, ಅವಳ ಬೆನ್ನಿನ ಕೆಳಗೆ ಚಿಕ್ಕವಳ ಎರಡೂ ಕೈ ಇಡಿಸಿದರು. "ತಲೆ ಪೂರ್ತಿ ಬಿಡಿ, ಕಿವಿ ಮುಳುಗಬೇಕು. ಇವರು ಹಿಡ್ಕೊಂಡಿರ್ತಾರೆ" ಎಂದು ಹೇಳಿ ಆ ತುದಿಯಲ್ಲಿ ಕಾಲು ಬಡಿಯಲು ಕಲಿಯುತ್ತಿದ್ದ ಮುದುಕಿಯೊಬ್ಬಳ ಹತ್ತಿರ ಹೋದರು.

"ಬಿಡಲ್ಲ ತಾನೆ?" ಎಂದಳು ದೊಡ್ಡವಳು. ಜನ್ಮದಲ್ಲಿ ಯಾವುದಕ್ಕೂ ಹೆದರದವಳು ಎಡಗೈಯಿಂದ ಚಿಕ್ಕವಳ ತೋಳು ಹಿಡಿದುಕೊಂಡಿದ್ದಳು.

"ಬಿಡಲ್ಲ ಅಕ್ಕ."

ದೊಡ್ಡವಳು ಕಣ್ಣು ಮುಚ್ಚಿದಳು. ಕಿವಿ ಮುಳುಗಿದವು. ಮೈ ಒಂದೊಂದೇ ಕಡೆ ಸಡಿಲವಾಗುತ್ತ ಬಂತು. ಹೆಗಲಿನಿಂದ ಮೇಲೇಳದಿದ್ದ ಆ ಬಲಗೈ ತನ್ನಷ್ಟಕ್ಕೆ ತಾನು ಪಕ್ಕಕ್ಕೆ ತೇಲಿತು, ತೇಲುತ್ತ ತಲೆಯ ಕಡೆಗೆ ಹೋಯಿತು.

"ಅಯ್ಯೋ, ನೋವಿಲ್ಲ ಕಣೇ!" ಕಿವಿ ಮುಳುಗಿದ್ದರಿಂದ ಅವಳ ದನಿ ಛಾವಣಿಗೆ ಮುಟ್ಟಿತು. "ನೋವೇ ಇಲ್ಲ! ನಿನಗೂ ಹೀಗೇ ಆಗ್ತಿತ್ತಾ? ಇಲ್ಲಿ ಇಷ್ಟು ಸುಖ ಕಂಡು, ಹೊರಗೆ ಬಂದು ಮತ್ತೆ ಆ ನೋವು ತಿನ್ನಬೇಕಾಗ್ತಿತ್ತಲ್ಲೇ. ಅಷ್ಟು ತಿಂಗಳು ಹೇಗೆ ತಡ್ಕೊಂಡೆ ಕೂಸೇ?"

ಚಿಕ್ಕವಳಿಗೆ ಇನ್ನು ತಡೆಯಲಾಗಲಿಲ್ಲ. "ತಡ್ಕೊಳ್ಳಲಿಲ್ಲ ಅಕ್ಕ. ನನಗೆ ಯಾವಾಗಲೋ ವಾಸಿಯಾಗಿತ್ತು. ಸುಳ್ಳು ಹೇಳ್ತಿದ್ದೆ. ಆವತ್ತು ಪರದೆ ಎಳೆಯೋವಾಗಲೂ ನಾನು ಸರಿಯಾಗೇ ಇದ್ದೆ. ಸುಮ್ಮನೆ ಕೂತು ನೋಡ್ತಿದ್ದೆ." ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದಳು, ಕಣ್ಣೀರು ಸುರಿಸಿಕೊಂಡು ಹೇಳಿದಳು. ಕಣ್ಣು ಮುಚ್ಚಿ ತೇಲುತ್ತಿದ್ದ ಅಕ್ಕನ ಮುಖ ಕದಲಲಿಲ್ಲ. ಆಗಲೇ ಚಿಕ್ಕವಳಿಗೆ ಹೊಳೆದದ್ದು, ಅಕ್ಕನ ಕಿವಿ ನೀರೊಳಗಿದೆ ಎಂದು. ಹೇಳಿದ ಹಾಗೂ ಆಯಿತು, ಕೇಳಿಸದ ಹಾಗೂ ಆಯಿತು! ಅಷ್ಟು ಅಳುವಿನ ನಡುವೆಯೂ ಎದೆ ಹಗುರವಾದದ್ದು ಸುಳ್ಳಲ್ಲ.

ದೊಡ್ಡವಳು ಕಣ್ಣು ಬಿಟ್ಟಳು. ಮೇಲೆ ಬಾಗಿದ್ದ ಮುಖ ಕಂಡಿತು. ಗಾಬರಿಯಿಂದ ಕಾಲೂರಿ ನಿಂತಳು, ತಲೆ ಅಲ್ಲಾಡಿಸಿ ಕಿವಿಯ ನೀರು ಕೊಡವಿದಳು.

"ಯಾಕೇ ಅಳ್ತಿದ್ದೀಯ? ಏನೋ ಅಂತಿದ್ದೆಯಲ್ಲ, ಕೇಳಿಸಲಿಲ್ಲ. ಏನಂದೆ?"

"ಏನಿಲ್ಲ" ಎಂಬ ಮಾತು ನಾಲಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಅದನ್ನು ಅಂದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಚಿಕ್ಕವಳು ಅಕ್ಕನ ಇಳಿದ ಭುಜ ನೋಡಿದಳು. ಮತ್ತೆ ಹೇಳಿದಳು. ಈ ಸಲ ಗಟ್ಟಿಯಾಗಿ, ಮುಖ ನೋಡಿಕೊಂಡು, ಒಂದೂ ಬಿಡದೆ. ಪಕ್ಕದಲ್ಲಿ ಈಜುತ್ತಿದ್ದ ಇಬ್ಬರು ಕೇಳಿಸಿಕೊಂಡು ಮೆಲ್ಲಗೆ ದೂರ ಸರಿದರು.

ದೊಡ್ಡವಳು ಎಡಗೈಯಿಂದ ಮುಖದ ನೀರು ಒರೆಸಿಕೊಂಡಳು.

"ಪರದೆ ಬಂದ ದಿನ?"

"ವಾಸಿಯಾಗಿತ್ತು ಅಕ್ಕ."

"ನಾನು ಬಿದ್ದಾಗ ಏಳಬೇಡ ಅಂದೆ ನಿನಗೆ."

"ಅಂದೆ."

"ನೀನು ಏಳಲಿಲ್ಲ."

"ಏಳಲಿಲ್ಲ." ಚಿಕ್ಕವಳು ಬಿಕ್ಕಿದಳು. "ಬೈಯಿ ಅಕ್ಕ. ಹೊಡಿ. ಏನಾದ್ರೂ ಮಾಡು."

"ಹೊಡೆಯೋಕೆ ಕೈ ಎಲ್ಲಿ ಏಳುತ್ತೆ ನನಗೆ?"

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಆಮೇಲೆ ನೀರನ್ನೇ ನೋಡುತ್ತ ಮಾತು ಮುಂದುವರಿಸಿದಳು. "ವಾಸಿಯಾದ ಮೇಲೂ ಈ ನೀರು ಬೇಕು ಅಂತ ನೀನು ಕೇಳಿದ್ರೆ ನಾನು ಬಿಡ್ತಿದ್ದೆ ಅಂತ ಸುಳ್ಳು ಹೇಳಲ್ಲ. ಬಿಡ್ತಿರಲಿಲ್ಲವೇನೋ. ಬೈದು, ಬಂದು ಬಟ್ಟೆ ಎತ್ತು ಅಂತಿದ್ದೆ. ನೀನು ನನ್ನ ಜೊತೆ ಜಗಳ ಆಡಬೇಕಿತ್ತು. ನಾನು ದಿನಾ ಕೂತು ನಿನ್ನ ಸೊಂಟ ತಿಕ್ಕಿದೆನಲ್ಲೇ."

ದೊಡ್ಡವಳು ಚಿಕ್ಕವಳಿಗೆ ಬೆನ್ನು ತಿರುಗಿಸಿ ಟೀಚರಮ್ಮ ಎಲ್ಲಿ ಎಂದು ನೋಡಿದಳು. ಟೀಚರಮ್ಮ ದೂರದಲ್ಲಿ ಆ ಮುದುಕಿಯ ಕಾಲು ಹಿಡಿದುಕೊಂಡಿದ್ದರು. ದೊಡ್ಡವಳು ತಾನೇ ನೀರಿನ ಮೇಲೆ ಮಲಗಲು ಹೋದಳು. ಮುಳುಗಿ, ನೀರು ಕುಡಿದು, ಕೆಮ್ಮುತ್ತ ಎದ್ದಳು. ಎದ್ದ ರಭಸಕ್ಕೆ ಭುಜ ಹಿಡಿದುಕೊಂಡಿತು. ಎಡಗೈಯಿಂದ ಅದನ್ನು ಒತ್ತಿಹಿಡಿದು, ಹಲ್ಲು ಕಚ್ಚಿ, ಹಾಗೇ ನಿಂತಳು. ಚಿಕ್ಕವಳು ಹತ್ತಿರ ಹೋಗಲು ಧೈರ್ಯವಿಲ್ಲದೆ ನೀರಿನಲ್ಲಿ ಕೈಚಾಚಿಕೊಂಡು ನಿಂತಿದ್ದಳು.

"ಹಿಡ್ಕೋ" ಎಂದಳು ದೊಡ್ಡವಳು ಕೊನೆಗೆ. "ನಿನ್ನ ನಂಬಿ ಮಲಗ್ತಿದ್ದೀನಿ ಅಂದ್ಕೋಬೇಡ. ನೋವು ತಡೀಲಾರದೆ ಮಲಗ್ತಿದ್ದೀನಿ."

ಚಿಕ್ಕವಳು ಎರಡೂ ಅಂಗೈ ಕೊಟ್ಟಳು. ದೊಡ್ಡವಳು ತಲೆ ಹಿಂದಕ್ಕೆ ಬಿಟ್ಟಳು, ಕಿವಿ ಮುಳುಗಿದವು, ಬಲಗೈ ಮೆಲ್ಲಗೆ ತೇಲಿತು. ಹೆಂಗಸರ ಹೊತ್ತು ಮುಗಿಯಿತೆಂದು ಸೀಟಿ ಊದುವ ತನಕ ಚಿಕ್ಕವಳು ಅಲುಗಾಡದೆ ಹಿಡಿದುಕೊಂಡಿದ್ದಳು. ಅಷ್ಟು ಹೊತ್ತೂ ದೊಡ್ಡವಳು ಒಂದು ಸಲವೂ ಕಣ್ಣು ಮುಚ್ಚಲಿಲ್ಲ.